ಕೆರೆಯ ನಡುವಿನ ರಸ್ತೆ

ಇಲ್ಲದ ರಸ್ತೆಯನ್ನು ಇಲ್ಲ ಎಂದು ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಅಜ್ಜಂಪುರದ ಆಚೆ, ಬುಕ್ಕಾಂಬುಧಿಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಒಂದು ಕೆರೆಯ ದಂಡೆಯ ಮೇಲೆ. ಬುಕ್ಕಾಂಬುಧಿಯ ದೊಡ್ಡ ಕೆರೆ ಎಲ್ಲರಿಗೂ ಗೊತ್ತು. ಇದು ಅದಲ್ಲ. ಇದರ ಹೆಸರು ನಕ್ಷೆಗೂ ಗೊತ್ತಿರಲಿಲ್ಲ.

ಆಗ ನಾನು ಫೋನಿನ ನಕ್ಷೆಗಳಲ್ಲಿರುವ ತಪ್ಪುಗಳನ್ನು ಸ್ಥಳಕ್ಕೇ ಹೋಗಿ ನೋಡಿ ತಿದ್ದುವ ಗುತ್ತಿಗೆ ಕೆಲಸದಲ್ಲಿದ್ದೆ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಕೆಲಸ ಫೋನಿಗೇ ಬರುತ್ತಿತ್ತು. ಎಲ್ಲಿ ಅನುಮಾನವೋ ಅಲ್ಲಿ ಒಂದು ಕೆಂಪು ಚುಕ್ಕೆ. ಅದಕ್ಕೆ ಟಿಕೆಟ್ ಎನ್ನುತ್ತಿದ್ದೆವು. ತರೀಕೆರೆಯ ಮನೆಯಿಂದ ಸ್ಕೂಟರಿನಲ್ಲಿ ಆ ಚುಕ್ಕೆಯ ತನಕ ಹೋಗಬೇಕು, ಫೋಟೋ ತೆಗೆಯಬೇಕು, ಅದು ಕೇಳುವ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು, ಕಳಿಸಬೇಕು. ಎಲ್ಲೋ ಕುಳಿತ ಒಬ್ಬ ಪರಿಶೀಲಕ ಅದನ್ನು ಒಪ್ಪುತ್ತಾನೆ ಅಥವಾ ತಳ್ಳಿಹಾಕುತ್ತಾನೆ. ಪರಿಶೀಲಕ ಗಂಡೋ ಹೆಣ್ಣೋ, ಮನುಷ್ಯನೋ ಯಂತ್ರವೋ, ಕೆಲಸ ಬಿಡುವವರೆಗೂ ನನಗೆ ತಿಳಿಯಲಿಲ್ಲ.

ನಕ್ಷೆಯಲ್ಲಿ ಏನೇನು ಇರುತ್ತಿತ್ತು ಎಂದು ಹೇಳಿದರೆ ನಗುತ್ತೀರಿ. ದೇವನೂರಿನ ಕಡೆ ಒಂದು ಹುಣಸೆ ತೋಪಿನೊಳಗೆ ಪೆಟ್ರೋಲ್ ಬಂಕ್ ಇತ್ತು. ಚೌಳಹಿರಿಯೂರಿನ ಆಚೆ ಯಾರೋ ಪುಣ್ಯಾತ್ಮ ತನ್ನ ಮಾವನ ಮನೆಯನ್ನು ಪ್ರವಾಸಿ ತಾಣ ಎಂದು ಗುರುತು ಮಾಡಿ ಐದು ನಕ್ಷತ್ರ ಕೊಟ್ಟಿದ್ದ. ಆ ಮಾವನನ್ನು ನೋಡಿ ಬಂದೆ. ಎರಡು ಕೊಟ್ಟಿದ್ದರೆ ಸಾಕಿತ್ತು. ಇಂಥವನ್ನು ಅಳಿಸುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಊರೂರಿನ ದಾರಿ ತಿದ್ದುವ ಮಗಳಿಗೆ ಮನೆಯ ದಾರಿ ಮಾತ್ರ ಹೊತ್ತು ಮುಳುಗಿದ ಮೇಲೇ ನೆನಪಾಗುತ್ತದೆ ಎಂದು ಅಮ್ಮಿ ನಮ್ಮ ಮನೆಮಾತಿನಲ್ಲಿ ಚುಚ್ಚುತ್ತಿದ್ದಳು. ಅದೂ ಸುಳ್ಳಲ್ಲ.

ಕೆರೆಯ ಟಿಕೆಟ್ ಬಂದದ್ದು ಮಳೆಗಾಲ ಮುಗಿಯುತ್ತಿದ್ದಾಗ. ರಸ್ತೆಯೊಂದರ ಬಗ್ಗೆ ದೂರಿದೆ, ಇದೆಯೋ ಇಲ್ಲವೋ ನೋಡಿ ಎಂದಿತ್ತು. ನಕ್ಷೆ ತೋರಿಸಿದ ಹಾಗೆ ಹೋದೆ. ಒಂದು ಹಟ್ಟಿ ಬಂತು. ಹಟ್ಟಿ ದಾಟಿ ಇಳಿಜಾರಿನಲ್ಲಿ ಇಳಿದೆ. ನೇರ ಹೋಗಿ ಎಂದು ಫೋನು ಹೇಳುತ್ತಲೇ ಇತ್ತು. ಮುಂದಿನ ಚಕ್ರಕ್ಕೆ ಒಂದು ಮಾರು ಮುಂದೆ ಕೆರೆಯ ನೀರು ನಿಂತಿತ್ತು.

ದಾರಿ ಹೇಗೆ ಹುಟ್ಟಿತು ಎಂದು ತಿಳಿಯಲು ಪಂಡಿತರು ಬೇಕಿರಲಿಲ್ಲ. ಆ ಕೆರೆ ವರ್ಷಗಟ್ಟಲೆ ಒಣಗಿ ಬಿದ್ದಿತ್ತಂತೆ. ಈ ದಂಡೆಯಲ್ಲಿ ಹಟ್ಟಿ, ಎದುರು ದಂಡೆಯಲ್ಲಿ ಊರು. ನಮ್ಮ ಸೀಮೆಯಲ್ಲಿ ಒಣಗಿದ ಕೆರೆಯನ್ನು ಸುತ್ತಿ ಬಳಸಿ ಹೋಗುವ ದಡ್ಡರು ಯಾರೂ ಇಲ್ಲ. ಕೆರೆಯ ಅಂಗಳದಲ್ಲೇ ನೇರ ಹಾಯುತ್ತಾರೆ. ಹೂಳು ಹೊಡೆಯುವ ಟ್ರ್ಯಾಕ್ಟರ್, ಹಾಲಿನ ವ್ಯಾನು, ಬೀಗರ ಕಾರು ಎಲ್ಲವೂ ಹಾಗೇ ಹಾಯ್ದವು. ಅವರ ಜೇಬಿನ ಫೋನುಗಳ ಜಾಡು ಹಿಡಿದು ನಕ್ಷೆ ಇಲ್ಲಿ ರಸ್ತೆಯಿದೆ ಎಂದು ತಾನೇ ಕಲಿತುಕೊಂಡಿತು. ಮೇಲಿನಿಂದ ತೆಗೆದ ಚಿತ್ರವೂ ಬರಗಾಲದ್ದೇ. ಹಾಗಾಗಿ ಕೆರೆಗೆ ನೀಲಿ ಬಣ್ಣವೇ ಇರಲಿಲ್ಲ. ಆ ವರ್ಷ ಕೆರೆ ತುಂಬಿ ಕೋಡಿ ಬಿದ್ದಿತು. ಅಂಗಳದಲ್ಲಿ ಬೆಳೆದಿದ್ದ ಜಾಲಿ ಗಿಡಗಳ ಮುಳ್ಳುನೆತ್ತಿ ಮಾತ್ರ ಅಲ್ಲಲ್ಲಿ ನೀರಿನ ಮೇಲೆ ಕಾಣುತ್ತಿತ್ತು. ನಕ್ಷೆಯಲ್ಲಿ ರಸ್ತೆ ಹಾಗೇ ಇತ್ತು.

ದೂರು ಕೊಟ್ಟದ್ದು ಯಾರೆಂದು ವಿಚಾರಿಸಿದೆ. ಹಟ್ಟಿಯ ಹಾಲಿನ ಉಪಕೇಂದ್ರದ ಕಾರ್ಯದರ್ಶಿ ಎಂದರು. ನಲವತ್ತು ದಾಟಿದ ಗಟ್ಟಿ ಹೆಂಗಸು. ಹಟ್ಟಿಯಲ್ಲಿ ಎಲ್ಲರೂ ಅವರನ್ನು ಡೈರಿ ಅಕ್ಕ ಎನ್ನುತ್ತಿದ್ದರು. ಅವರು ಮೊದಲು ಕಾಫಿ ಕೊಟ್ಟರು, ಆಮೇಲೆ ಸಂಕಟ ಹೇಳಿದರು.

ಹಾಲು ಸಂಗ್ರಹಿಸುವ ಸಂಸ್ಥೆ ವ್ಯಾನುಗಳಿಗೆ ಹೊಸ ಮಾರ್ಗ ಹಾಕುತ್ತಿತ್ತು. ಕಂಪ್ಯೂಟರ್ ಹಾಕುವ ಮಾರ್ಗ. ಒಂದು ಕೇಂದ್ರದಿಂದ ಎರಡು ಕಿಲೋಮೀಟರ್ ಒಳಗೆ ಇನ್ನೊಂದಿದ್ದರೆ ಚಿಕ್ಕದನ್ನು ದೊಡ್ಡದಕ್ಕೆ ಸೇರಿಸುವುದು ನಿಯಮ. ಎದುರು ದಂಡೆಯ ಊರಿನಲ್ಲಿ ಹಾಲು ತಂಪು ಮಾಡುವ ಟ್ಯಾಂಕ್ ಇರುವ ದೊಡ್ಡ ಕೇಂದ್ರವಿದೆ. ನಕ್ಷೆಯ ಪ್ರಕಾರ ಅದು ಹಟ್ಟಿಗೆ ಒಂದೂವರೆ ಕಿಲೋಮೀಟರ್, ಅಂದರೆ ಕೆರೆಯ ನಡುವೆ. ನಿಜವಾಗಿ ಹೋಗಬೇಕೆಂದರೆ ಕೋಡಿ ಹರಿಯುವಾಗ ಏರಿಯ ಮೇಲಿನ ದಾರಿ ಬಂದ್. ಟಾರು ರಸ್ತೆಗೆ ಬಂದು ಸುತ್ತಿ ಬಳಸಬೇಕು, ಏಳೆಂಟು ಕಿಲೋಮೀಟರ್. ಬೈಕ್ ಇದ್ದವರು ಹೋದಾರು. ಹಟ್ಟಿಯಲ್ಲಿ ಹಾಲು ಹಾಕುವವರಲ್ಲಿ ಹೆಚ್ಚಿನವರು ಒಂದೋ ಎರಡೋ ಹಸು ಕಟ್ಟಿಕೊಂಡ ಹೆಂಗಸರು. ಅಷ್ಟು ದೂರ ಹೊತ್ತು ನಡೆದರೆ ವ್ಯಾನು ಹೊರಟುಹೋಗಿರುತ್ತದೆ, ಹಾಲೂ ಒಡೆದಿರುತ್ತದೆ.

‘ಈ ಗೆರೆ ಒಂದು ಅಳಿಸ್ಬಿಡ್ರಿ ಮೇಡಂ, ಸಾಕು. ಅದು ಹೋದ್ರೆ ನಮ್ ಡೈರಿ ಉಳಿತದೆ’ ಎಂದರು.

ಒಂದು ಗೆರೆ ತಾನೇ ಎಂದು ನಾನೂ ಅಂದುಕೊಂಡೆ. ಹುಣಸೆ ತೋಪಿನ ಪೆಟ್ರೋಲ್ ಬಂಕನ್ನೇ ಎತ್ತಿದವಳು ನಾನು. ವಾರದೊಳಗೆ ಆಗುತ್ತದೆ ಎಂದು ಮಾತು ಕೊಟ್ಟೆ.

ಮೊದಲ ತೊಡಕು ಫೋಟೋದಲ್ಲೇ ಬಂತು. ಕಳ್ಳ ಫೋಟೋ ಹಾಕಬಾರದೆಂದು ನಮ್ಮ ಆ್ಯಪಿನಲ್ಲಿ ಒಂದು ಕಟ್ಟುಪಾಡಿತ್ತು: ಚುಕ್ಕೆಯ ಹತ್ತಿರ ಹೋದ ಮೇಲೆಯೇ ಕ್ಯಾಮೆರಾ ತೆರೆಯುತ್ತದೆ. ರಸ್ತೆಯ ಟಿಕೆಟ್ ಆದರೆ ಚುಕ್ಕೆ ರಸ್ತೆಯ ಮಧ್ಯಕ್ಕೆ ಬೀಳುತ್ತದೆ. ಈ ರಸ್ತೆಯ ಮಧ್ಯ ಎಂದರೆ ಕೆರೆಯ ಮಧ್ಯ. ದಂಡೆಯಲ್ಲಿ ನಿಂತು ಎಷ್ಟು ಒತ್ತಿದರೂ ‘ನೀವು ಸ್ಥಳದಿಂದ ದೂರವಿದ್ದೀರಿ’ ಎಂದೇ ಬಂತು. ಫೋಟೋ ಇಲ್ಲದೆ, ರಸ್ತೆ ನೀರಿನಲ್ಲಿ ಮುಳುಗಿದೆ ಎಂದು ಬರೆದು ಕಳಿಸಿದೆ. ಮರುದಿನ ಉತ್ತರ ಬಂತು: ಸಾಕ್ಷ್ಯ ಸಾಲದು.

ನಮ್ಮ ತಂಡಕ್ಕೆ ಒಬ್ಬ ಲೀಡರ್ ಇದ್ದ. ಬೇರೆ ಊರಿನಲ್ಲಿ ಕುಳಿತು ನಮ್ಮಂಥ ಹಲವರನ್ನು ಫೋನಿನಲ್ಲೇ ಮೇಯಿಸುವವನು. ಕೆಟ್ಟವನಲ್ಲ, ದಣಿದವನು. ಅವನಿಗೆ ಹೇಳಿದೆ. ಚುಕ್ಕೆಯ ಹತ್ತಿರ ಹೋಗದೆ ಏನೂ ಮಾಡಲು ಬರುವುದಿಲ್ಲ, ಹೇಗಾದರೂ ಹೋಗಿ ಎಂದ. ನೀರಿದೆ ಎಂದೆ. ಹೇಗಾದರೂ ಎಂದ.

ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದವನ ಹತ್ತಿರ ಎರಡು ತೆಪ್ಪಗಳಿದ್ದವು. ಅವನು ನನ್ನನ್ನೂ ನನ್ನ ತಲೆಯ ಮೇಲಿನ ಹೆಲ್ಮೆಟ್ಟನ್ನೂ ನೋಡಿ ಈಜು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ ಎಂದೆ. ಹಾಗಾದರೆ ಅಲ್ಲಾಡದೆ ಕೂರಬೇಕು ಎಂದ. ಹೆಲ್ಮೆಟ್ ತೆಗೆಯಲಿಲ್ಲ, ನನಗೆ ಅದರಿಂದ ಏನೋ ಧೈರ್ಯ. ಕೆರೆಯ ನಡುವೆ ಬಂದಾಗ ಕ್ಯಾಮೆರಾ ತೆರೆಯಿತು. ಅದು ತೆರೆದಾಗ ಆದ ಸಂತೋಷ ಇನ್ನೂ ನೆನಪಿದೆ. ನಾಲ್ಕು ದಿಕ್ಕಿಗೂ ತೆಗೆದೆ, ನಾಲ್ಕರಲ್ಲೂ ನೀರು. ಮೀನಿನವನಿಗೆ ಎದುರು ಊರಿನಲ್ಲಿ ಮೀನು ಕೊಡುವುದಿತ್ತು. ಆ ದಂಡೆಯವರೆಗೆ ಹೋಗಿ, ಮೀನು ಕೊಟ್ಟು, ಅದೇ ತೆಪ್ಪದಲ್ಲಿ ವಾಪಸು ಬಂದೆವು.

ಈ ಸಲ ಉತ್ತರ ಬೇಗ ಬಂತು. ‘ಚಿತ್ರಗಳಲ್ಲಿ ರಸ್ತೆ ಸ್ಪಷ್ಟವಾಗಿ ಕಾಣುತ್ತಿಲ್ಲ. ಆದರೆ ನಿಮ್ಮ ಸಂಚಾರದ ಜಾಡು ರಸ್ತೆಯೊಂದಿಗೆ ಹೊಂದಿಕೆಯಾಗಿದೆ.’ ಎರಡು ಸಲ ಓದಿದೆ. ಲೀಡರಿಗೆ ಫೋನ್ ಮಾಡಿದೆ.

‘ನೀವೇ ಈ ತುದಿಯಿಂದ ಆ ತುದಿಗೆ ಹೋಗಿ ಬಂದಿದ್ದೀರಲ್ಲ ಮೇಡಂ, ರೆಕಾರ್ಡ್ ಆಗಿದೆ’ ಎಂದ.

‘ತೆಪ್ಪದಲ್ಲಿ ಹೋದೆ ಸರ್.’

‘ಸಿಸ್ಟಮ್‌ಗೆ ತೆಪ್ಪ ಗೊತ್ತಿಲ್ಲ ಮೇಡಂ.’

ರಸ್ತೆ ಇಲ್ಲ ಎಂದು ತೋರಿಸಲು ಹೋದವಳೇ ರಸ್ತೆಗೆ ಸಾಕ್ಷಿಯಾಗಿದ್ದೆ. ಅಂದು ರಾಗಿ ರೊಟ್ಟಿ ಕೊಟ್ಟ ಡೈರಿ ಅಕ್ಕನಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನೂ ಪರಿಶೀಲನೆಯಲ್ಲಿದೆ ಎಂದಷ್ಟೇ ಹೇಳಿದೆ.

ಅವರಿಗೆ ಕಾಯಲು ಹೊತ್ತಿರಲಿಲ್ಲ. ನನ್ನನ್ನೂ ಕರೆದುಕೊಂಡು ವ್ಯಾನುಗಳ ಮಾರ್ಗ ನೋಡಿಕೊಳ್ಳುವ ಅಧಿಕಾರಿಯ ಹತ್ತಿರ ಹೋದರು. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಆದರೆ ಆ ಮನುಷ್ಯ ನಮ್ಮನ್ನು ಕೂರಿಸಿ, ನಾಲ್ಕು ದಿಕ್ಕಿನ ನೀರಿನ ಫೋಟೋಗಳನ್ನೂ ನೋಡಿ, ನೀವು ಹೇಳುವುದು ನಿಜ ಎಂದ. ಬೇಸಿಗೆಯಲ್ಲಿ ಅವನೇ ಆ ದಾರಿಯಲ್ಲಿ ಕಾರಿನಲ್ಲಿ ಬಂದಿದ್ದನಂತೆ. ಈಗ ಕೆರೆ ತುಂಬಿದ್ದೂ ಗೊತ್ತಂತೆ. ಆದರೆ ಮಾರ್ಗ ಹಾಕುವುದು ಅವನಲ್ಲ, ಮೇಲಿನ ಕಚೇರಿಯ ಕಂಪ್ಯೂಟರ್. ಅದಕ್ಕೆ ಫೋಟೋ ಬೇಡ; ನಕ್ಷೆಯಲ್ಲಿ ದೂರ ಬದಲಾಗಬೇಕು. ನಕ್ಷೆ ತಿದ್ದಿಸಿಕೊಂಡು ಬನ್ನಿ, ಅದರ ಚಿತ್ರ ತೆಗೆದುಕೊಡಿ, ಅದೇ ದಿನ ಕಳಿಸುತ್ತೇನೆ ಎಂದ. ತಿಂಗಳ ಕೊನೆಯವರೆಗೂ ಉಪಕೇಂದ್ರ ಸೇರಿಸುವ ಕಡತ ತನ್ನ ಮೇಜಿನ ಮೇಲೇ ಇಟ್ಟುಕೊಳ್ಳುವುದಾಗಿಯೂ ಹೇಳಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಲು ತಯಾರಿದ್ದ, ದೇವರೇ ಫೋನು ಎತ್ತುತ್ತಿರಲಿಲ್ಲ.

ಆ ನಡುವೆಯೇ ಹೊಸ ಮಾರ್ಗ ‘ಪ್ರಾಯೋಗಿಕವಾಗಿ’ ಶುರುವಾಯಿತು. ವ್ಯಾನು ಹಟ್ಟಿಗೆ ಬರುವುದು ನಿಂತಿತು. ಹಾಲಿನ ಜಿಡ್ಡು ಅಳೆಯುವ ಯಂತ್ರವನ್ನು ದೊಡ್ಡ ಕೇಂದ್ರಕ್ಕೆ ಒಯ್ದರು. ಮೊದಲೆರಡು ದಿನ ಹೆಂಗಸರು ಬೈಕಿನವರನ್ನು ಕಾಡಿ ಬೇಡಿ ಕ್ಯಾನು ಕಳಿಸಿದರು. ಗಂಡಸರಿಗೆ ಅವರವರ ಕೆಲಸ. ಮೂರನೆಯ ದಿನಕ್ಕೆ ಮುಖ ತಿರುಗಿಸಿದರು. ಆಗ ಡೈರಿ ಅಕ್ಕ ಮೀನಿನವನ ಒಂದು ತೆಪ್ಪ ಕೇಳಿ ಇಸಿದುಕೊಂಡರು. ಎದುರು ದಂಡೆ ಕಣ್ಣಿಗೆ ಕಾಣುತ್ತಲೇ ಇದೆ, ಟ್ಯಾಂಕ್ ದಂಡೆಯ ಪಕ್ಕದಲ್ಲೇ ಇದೆ. ಹುಟ್ಟು ಹಾಕಲು ತಾವೇ ಕಲಿತರು. ಬೆಳಿಗ್ಗೆ, ಸಂಜೆ, ಕ್ಯಾನುಗಳ ಸಮೇತ ನಾಲ್ಕೈದು ಹೆಂಗಸರು ಕೆರೆ ದಾಟತೊಡಗಿದರು.

ನನಗೆ ಇದು ತಿಳಿದದ್ದು ಫೋನಿನಿಂದ. ಕಡೂರಿನಲ್ಲಿ ಯಾವುದೋ ಬೇಕರಿಯ ಹೆಸರು ತಿದ್ದುತ್ತ ಕುಳಿತಿದ್ದಾಗ ಕೆರೆಯ ಟಿಕೆಟ್ ಏನಾಯಿತೆಂದು ತೆಗೆದು ನೋಡಿದೆ. ತೆಳ್ಳಗೆ ಬೂದಿಬಣ್ಣದಲ್ಲಿದ್ದ ಗೆರೆ ನಟ್ಟನಡುವೆ ಕೆಂಪಾಗಿತ್ತು. ಫೋನುಗಳು ರಸ್ತೆಯ ಮೇಲೆ ನಿಧಾನವಾಗಿ ಚಲಿಸಿದರೆ ಅಲ್ಲಿ ವಾಹನಗಳ ದಟ್ಟಣೆ ಇದೆ ಎಂದು ನಕ್ಷೆ ಕೆಂಪು ಬಳಿಯುತ್ತದೆ. ಕೆರೆಯ ನಡುವೆ ಟ್ರಾಫಿಕ್ ಜಾಮ್ ಆಗಿತ್ತು. ಬೇಕರಿಯವನು ಗಾಬರಿಯಾಗುವಷ್ಟು ನಕ್ಕೆ. ಆಮೇಲೆ ಅದು ಯಾರ ಫೋನುಗಳೆಂದು ಹೊಳೆಯಿತು. ದಾರಿ ಇಲ್ಲದೆ ತೆಪ್ಪ ಹತ್ತಿದವರು, ಹತ್ತಿ ಇಳಿಯುವ ಪ್ರತಿ ಸಲವೂ ಆ ದಾರಿಯನ್ನು ಗಟ್ಟಿ ಮಾಡುತ್ತಿದ್ದರು.

ಆ ಮಧ್ಯಾಹ್ನವೇ ಹಟ್ಟಿಗೆ ಹೋದೆ. ಉಪಕೇಂದ್ರದ ಜಗಲಿಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು, ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ಹೇಳಿದೆ. ನನ್ನ ತೆಪ್ಪದ ಪ್ರಯಾಣವನ್ನೂ ಹೇಳಿದೆ. ಅವರು ನಕ್ಕರು, ನನಗೆ ಸಮಾಧಾನವಾಯಿತು. ತೆಪ್ಪ ಬಿಡಿ ಎಂದು ಹೇಳುವಂತಿರಲಿಲ್ಲ. ಫೋನು ಬಿಟ್ಟು ಹೋಗಿ ಎಂದೆ. ಜಾಡು ಇಲ್ಲದಿದ್ದರೆ ಕೆಂಪು ಹೋಗುತ್ತದೆ, ಕೆಂಪು ಹೋದರೆ ನನ್ನ ಹೊಸ ತಿದ್ದುಪಡಿಗೆ ಬಲ ಬರುತ್ತದೆ. ಆ ಇಡೀ ಪ್ರಕರಣದಲ್ಲಿ ನಾನಾಗಿ ಮಾಡಿದ ನಿರ್ಧಾರ ಇದೊಂದೇ.

ಅದಕ್ಕೆ ಅವರು ತಮ್ಮದೇ ಒಂದು ವ್ಯವಸ್ಥೆ ಮಾಡಿಕೊಂಡರು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಕಳೆ ಕೀಳುವಾಗ ಮುಯ್ಯಾಳಾಗಿ ಹೋಗುತ್ತಾರಲ್ಲ, ಹಾಗೆ ಹಾಲಿಗೂ ಮುಯ್ಯಿ. ದಿನಕ್ಕೆ ಇಬ್ಬರು ಎಲ್ಲರ ಕ್ಯಾನು ಒಯ್ಯುವುದು, ಮರುದಿನ ಬೇರೆ ಇಬ್ಬರು. ದಂಡೆಯ ಹೊಂಗೆ ಮರಕ್ಕೆ ಒಂದು ಬಟ್ಟೆ ಚೀಲ ತೂಗುಹಾಕಿ, ಹೋಗುವವರು ಫೋನು ಅದರಲ್ಲಿ ಇಟ್ಟು ಹೋಗುವುದು. ಮೀನಿನವನೂ ಇಡಬೇಕೆಂದು ಡೈರಿ ಅಕ್ಕ ತಾಕೀತು ಮಾಡಿದರು. ಅವನು ಗೊಣಗಿದ, ಬಲೆ ಬಿಡುವಾಗ ಹಾಡು ಕೇಳುವ ಅಭ್ಯಾಸ ಅವನಿಗೆ. ಆದರೂ ಇಟ್ಟ.

ಕೆಲವೇ ದಿನಗಳಲ್ಲಿ ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಮತ್ತೆ ಬೂದಿಬಣ್ಣವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡುವುದು ನನಗೆ ಚಟವಾಯಿತು. ಹೊಸ ತಿದ್ದುಪಡಿ ಕಳಿಸಿದೆ. ‘ಪರಿಶೀಲನೆಯಲ್ಲಿದೆ’ ಎಂದು ಬಂತು, ತಿರಸ್ಕಾರವಾಗಲಿಲ್ಲ. ಲೀಡರೂ ಈ ಸಲ ಆಗಬಹುದು ಮೇಡಂ ಎಂದ. ಅಧಿಕಾರಿಗೆ ಫೋನ್ ಮಾಡಿ, ಇನ್ನು ನಾಲ್ಕು ದಿನ ತಡೆಯಿರಿ ಎಂದೆ. ತಡೆದಿದ್ದೇನೆ ಎಂದ. ಎಷ್ಟೋ ದಿನಗಳ ಮೇಲೆ ನನ್ನ ಕೆಲಸದ ಬಗ್ಗೆ ನನಗೇ ಒಂದಿಷ್ಟು ಅಭಿಮಾನ ಬಂದಿತ್ತು.

ಕೊನೆಯದಾಗಿ ಒಮ್ಮೆ ಎರಡೂ ದಂಡೆಯ ಫೋಟೋ ಕೇಳಿದ್ದರು. ಅದಕ್ಕೆಂದು ಒಂದು ಬೆಳಿಗ್ಗೆ ಹೋದೆ. ಗಾಳಿ ಜೋರಾಗಿತ್ತು. ನೀರಿನ ಮೇಲೆ ಸಣ್ಣ ಅಲೆಗಳೆದ್ದು ದಂಡೆಗೆ ಬಡಿಯುತ್ತಿದ್ದವು. ಸ್ಕೂಟರ್ ನಿಲ್ಲಿಸುವಾಗಲೇ ಹೊಂಗೆ ಮರದ ಚೀಲದೊಳಗೆ ಫೋನೊಂದು ಹೊಡೆದುಕೊಳ್ಳುತ್ತಿತ್ತು. ನಿಂತಿತು, ಮತ್ತೆ ಹೊಡೆದುಕೊಂಡಿತು. ತೆಗೆದು ನೋಡಿದೆ, ದೊಡ್ಡ ಕೇಂದ್ರದವರು. ಹಾಲು ಇನ್ನೂ ಬಂದಿಲ್ಲ, ವ್ಯಾನು ಹೊರಡುತ್ತಿದೆ ಎಂದರು.

ಆಗ ಕೆರೆಯತ್ತ ಸರಿಯಾಗಿ ನೋಡಿದೆ. ದಾಟುವ ಗೆರೆಯಿಂದ ಬಹಳ ಪಕ್ಕಕ್ಕೆ, ಮುಳುಗಿದ ಜಾಲಿಯ ಗುಂಪಿನೊಳಗೆ ತೆಪ್ಪ ಸಿಕ್ಕಿಕೊಂಡಿತ್ತು. ಗಾಳಿ ಅದನ್ನು ತಳ್ಳಿಕೊಂಡು ಹೋಗಿ ಮುಳ್ಳಿಗೆ ಸಿಕ್ಕಿಸಿತ್ತು. ಎರಡು ಆಕೃತಿಗಳು ಕಂಡವು. ಒಬ್ಬರು ಬಗ್ಗಿ ಏನೋ ಮಾಡುತ್ತಿದ್ದರು. ಸೆರಗಿನ ಬಣ್ಣದಿಂದ ಅದು ಡೈರಿ ಅಕ್ಕ ಎಂದು ಗೊತ್ತಾಯಿತು. ಅಂದು ಅವರದೇ ಸರದಿ. ಇನ್ನೊಬ್ಬರು ಅವರ ವಾರಗಿತ್ತಿ.

ಇನ್ನೊಂದು ತೆಪ್ಪ ಇದ್ದದ್ದು ಮೀನಿನವನ ಹತ್ತಿರ. ಅವನು ಎಲ್ಲೋ ಬಲೆ ಬಿಡುತ್ತಿರಬೇಕು. ಅವನ ನಂಬರ್ ಹುಡುಕಿ ಒತ್ತಿದೆ. ನನ್ನ ಭುಜದ ಪಕ್ಕದಲ್ಲೇ, ಮರದ ಚೀಲದೊಳಗೆ, ಅವನ ಫೋನು ಹಾಡತೊಡಗಿತು.

ಆ ಕ್ಷಣವನ್ನು ನಾನು ಇವತ್ತಿಗೂ ಸರಿಯಾಗಿ ವಿವರಿಸಲಾರೆ. ಕರೆ ಕತ್ತರಿಸುವುದು ಕೂಡ ಹೊಳೆಯದೆ ಕೇಳುತ್ತ ನಿಂತಿದ್ದೆ. ಆ ಕೆರೆಯ ಮೇಲೆ ಇದ್ದ ಒಬ್ಬೊಬ್ಬರ ಫೋನನ್ನೂ ನಾನೇ ಮರಕ್ಕೆ ಕಟ್ಟಿಸಿದ್ದೆ. ದುಪಟ್ಟಾ ಬಿಚ್ಚಿ ಬೀಸಿದೆ, ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿದ್ದುದರಿಂದ ಕೂಗು ನನ್ನ ಹಿಂದಕ್ಕೇ ಹೋಯಿತು. ಹಟ್ಟಿಗೆ ಓಡಿ ಜನರನ್ನು ಕರೆತಂದೆ. ಅವರೂ ಬಂದು ನನ್ನ ಹಾಗೆಯೇ ದಂಡೆಯಲ್ಲಿ ನಿಂತರು. ಈಜು ಬರುವವನೊಬ್ಬ ಸೊಂಟದ ಮಟ್ಟಕ್ಕೆ ಇಳಿದು, ಮುಳ್ಳು ತಾಗಿ, ಹಿಂದಕ್ಕೆ ಬಂದ. ನೀರಿನಲ್ಲಿ ಕಾಣದ ಜಾಲಿಯೊಳಗೆ ಈಜುವುದು ಯಾರಿಂದಲೂ ಆಗದ ಮಾತು.

ತೆಪ್ಪ ಒಂದು ಕಡೆಗೆ ವಾಲುತ್ತಿತ್ತು. ಡೈರಿ ಅಕ್ಕ ಕ್ಯಾನಿನ ಮುಚ್ಚಳ ತೆಗೆಯುವುದು ಕಾಣಿಸಿತು. ಭಾರ ಇಳಿಸಲು ಒಂದೊಂದೇ ಕ್ಯಾನನ್ನು ಬಗ್ಗಿಸಿದರು. ಇಡೀ ಹಟ್ಟಿಯ ಬೆಳಗಿನ ಹಾಲು ಕೆರೆಗೆ ಹೋಯಿತು. ತೆಪ್ಪದ ಸುತ್ತ ನೀರು ಸ್ವಲ್ಪ ಹೊತ್ತು ಬೆಳ್ಳಗಿತ್ತು, ಆಮೇಲೆ ಅಲೆಯಲ್ಲಿ ಕಲಸಿಹೋಯಿತು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೀನಿನವನು ತಾನಾಗಿಯೇ ನೋಡಿ ಬಂದ. ಮುಳ್ಳು ಕತ್ತರಿಸಿ, ತೆಪ್ಪಕ್ಕೆ ಹಗ್ಗ ಕಟ್ಟಿ, ಎಳೆದುಕೊಂಡು ದಂಡೆಗೆ ತಂದ. ಇಬ್ಬರ ಕೈಯೂ ಮುಳ್ಳು ಗೀರಿ ರಕ್ತವಾಗಿತ್ತು, ಬೇರೇನೂ ಆಗಿರಲಿಲ್ಲ. ಯಾರಾದರೂ ನನಗೆ ಬೈಯಲಿ ಎಂದು ಕಾಯುತ್ತಿದ್ದೆ. ಯಾರೂ ಬೈಯಲಿಲ್ಲ. ಡೈರಿ ಅಕ್ಕ ಸೀರೆ ಹಿಂಡಿಕೊಂಡು, ಮರದ ಹತ್ತಿರ ಹೋಗಿ, ಚೀಲದಿಂದ ತಮ್ಮ ಫೋನು ತೆಗೆದುಕೊಂಡರು. ಮೀನಿನವನ ಫೋನನ್ನು ಅವನ ಕೈಗಿಟ್ಟರು. ಖಾಲಿ ಚೀಲ ಬಿಚ್ಚಿ ಮಡಿಸಿದರು.

‘ಅದ್ರ ಪಾಡಿಗೆ ಅದು ಕೆಂಪುಗೇ ಇರ್ಲಿ ಬಿಡ್ರಿ ಮೇಡಂ. ನಾಳಿಂದ ಫೋನ್ ತಗೊಂಡೇ ಹೋಗ್ತೀವಿ’ ಎಂದರು.

ಬೇಡ ಎನ್ನಲು ನನಗೆ ಯಾವ ಬಾಯಿ ಇತ್ತು? ಆಗಲಿ ಎಂದೆ. ಸ್ಕೂಟರ್ ಹತ್ತಿ ಅಜ್ಜಂಪುರದವರೆಗೂ ಬಂದು, ರೈಲ್ವೆ ಗೇಟಿನಲ್ಲಿ ನಿಂತಾಗ ಅತ್ತೆ. ಗೂಡ್ಸ್ ಗಾಡಿ ಉದ್ದವಿತ್ತು, ಅಷ್ಟು ಮಟ್ಟಿಗೆ ಅನುಕೂಲವಾಯಿತು.

ಗೆರೆ ಮತ್ತೆ ಕೆಂಪಾಯಿತು. ಪರಿಶೀಲನೆಯಲ್ಲಿದ್ದ ತಿದ್ದುಪಡಿ ತಳ್ಳಿಹೋಯಿತು. ‘ರಸ್ತೆ ಸಕ್ರಿಯ ಬಳಕೆಯಲ್ಲಿದೆ’ ಎಂದು ಕಾರಣ ಬಂತು. ಲೀಡರ್ ಫೋನ್ ಮಾಡಿ, ಈ ಟಿಕೆಟ್ ಬಹಳ ದಿನ ತೆರೆದಿದೆ, ಮುಚ್ಚಿಬಿಡಿ ಎಂದ. ಮುಚ್ಚಲು ಕೊನೆಯ ಪ್ರಶ್ನೆಗಳಿಗೆ ಸ್ಥಳದಲ್ಲೇ ಉತ್ತರಿಸಬೇಕು. ತಿಂಗಳ ಕೊನೆ ಹತ್ತಿರ ಬಂದಿತ್ತು. ಸಂಜೆಯ ಹಾಲಿನ ಹೊತ್ತಿಗೆ ಹಟ್ಟಿಗೆ ಹೋದೆ. ದಂಡೆಯಲ್ಲಿ ಕ್ಯಾನುಗಳನ್ನು ತೆಪ್ಪಕ್ಕೆ ಏರಿಸುತ್ತಿದ್ದರು. ಅಂದೂ ಡೈರಿ ಅಕ್ಕನ ಸರದಿ.

ಈ ದಾರಿಯಲ್ಲಿ ಜನ ಓಡಾಡುತ್ತಾರೆಯೇ? ಇದು ಮೊದಲ ಪ್ರಶ್ನೆ. ಹೌದು, ಇಲ್ಲ, ಎರಡೇ ಉತ್ತರ. ಇಲ್ಲ ಎಂದು ಒತ್ತಿದರೆ ಫೋನುಗಳ ಜಾಡು ನನ್ನನ್ನು ಸುಳ್ಳುಗಾತಿ ಮಾಡುತ್ತದೆ, ಗೆರೆ ಹೇಗೂ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಣ್ಣೆದುರು ಕ್ಯಾನು ಏರಿಸುತ್ತಿರುವ ಈ ಹೆಂಗಸರನ್ನು ಇಲ್ಲ ಎಂದು ಬರೆಯಲು ನನ್ನ ಬೆರಳು ಒಪ್ಪಲಿಲ್ಲ. ಹೌದು ಎಂದರೆ ಅವರ ಡೈರಿಗೆ ನಾನೇ ಬೀಗ ಹಾಕಿದಂತೆ. ಡೈರಿ ಅಕ್ಕನಿಗೆ ಪ್ರಶ್ನೆಯನ್ನೂ ಎರಡು ಉತ್ತರಗಳನ್ನೂ ಓದಿ ಹೇಳಿದೆ. ಏನು ಬರೆಯಲಿ ಎಂದು ಕೇಳಿದೆ.

ಅವರು ಕ್ಯಾನಿನ ಮುಚ್ಚಳ ಅದುಮುತ್ತಿದ್ದವರು ತಲೆಯೆತ್ತಲೂ ಇಲ್ಲ. ‘ಓಡಾಡ್ತಾ ಇದೀವಲ್ಲ ಕಣಮ್ಮ. ಹೌದು ಅಂತ್ಲೇ ಬರಿ. ಸುಳ್ಳು ಬರ್ದು ನೀನ್ಯಾಕೆ ಕೆಲ್ಸ ಕಳ್ಕತೀಯ?’ ಎಂದರು. ಅಷ್ಟು ದಿನ ಮೇಡಂ ಎನ್ನುತ್ತಿದ್ದವರು ಅಂದು ಮೊದಲ ಸಲ ನೀನು ಎಂದರು.

ಹೌದು ಎಂದು ಒತ್ತಿದೆ. ಎರಡನೆಯ ಪ್ರಶ್ನೆ ರಸ್ತೆಯ ಮೇಲ್ಮೈ ಯಾವುದು ಎಂದಿತ್ತು. ಡಾಂಬರು, ಕಾಂಕ್ರೀಟು, ಜಲ್ಲಿ, ಮಣ್ಣು, ಇತರೆ. ಇತರೆ ಎಂದು ಒತ್ತಿ, ಪಕ್ಕದ ಜಾಗದಲ್ಲಿ ನೀರು ಎಂದು ಬರೆದೆ. ಸಿಟ್ಟಿನಿಂದಲೇ ಬರೆದೆ. ಕಳಿಸಿ ಉಸಿರು ಬಿಡುವಷ್ಟರಲ್ಲಿ ಉತ್ತರ ಬಂತು. ಅಷ್ಟು ದಿನದ ನನ್ನ ಫೋಟೋ, ಬರಹ, ಬೇಡಿಕೆ ಎಲ್ಲವನ್ನೂ ತಳ್ಳಿಹಾಕಿದ್ದ ಪರಿಶೀಲಕ ಇದನ್ನು ಆ ಕ್ಷಣವೇ ಒಪ್ಪಿ, ಧನ್ಯವಾದ ಹೇಳಿ, ಟಿಕೆಟ್ ಮುಚ್ಚಿದ್ದ. ನಕ್ಷೆಯಲ್ಲಿ ಗೆರೆ ಮೊದಲಿಗಿಂತ ದಪ್ಪಗಾಯಿತು.

ಅಧಿಕಾರಿ ತನ್ನ ಮಾತಿನಂತೆ ತಿಂಗಳ ಕೊನೆಯವರೆಗೂ ಕಾದ. ಅಲ್ಲಿಗೆ ಪ್ರಾಯೋಗಿಕ ಎನ್ನುವ ಪದ ಬಿಟ್ಟುಹೋಗಿ, ಉಪಕೇಂದ್ರ ದೊಡ್ಡ ಕೇಂದ್ರಕ್ಕೆ ಸೇರಿತು. ಅದು ಆಮೇಲಿನ ಮಾತು. ಆದರೆ ಅಂದು ಸಂಜೆಯೇ ನಮ್ಮಿಬ್ಬರಿಗೂ ಅದು ಗೊತ್ತಾಗಿತ್ತು.

ಡೈರಿ ಅಕ್ಕ ಕೈ ಒರೆಸಿಕೊಂಡು ಬಂದು ನನ್ನ ಫೋನಿನಲ್ಲಿ ಆ ಗೆರೆಯನ್ನು ನೋಡಿದರು. ಹಟ್ಟಿಯಿಂದ ದೊಡ್ಡ ಕೇಂದ್ರಕ್ಕೆ ಹೋಗಲು ಇದು ಎಷ್ಟು ಹೊತ್ತು ಹೇಳುತ್ತದೆ ಎಂದು ಕೇಳಿದರು. ಒತ್ತಿ ನೋಡಿ, ನಾಲ್ಕು ನಿಮಿಷ ಎಂದೆ.

‘ನಾಲ್ಕು ನಿಮಿಷವಾ?’ ಎಂದು ಎದುರು ದಂಡೆಯತ್ತ ನೋಡಿದರು. ‘ಹಂಗಾದ್ರೆ ನಾವೇ ನಿಧಾನ ಕಣಮ್ಮ.’

ತಮ್ಮ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರವಿಕೆಯೊಳಗೆ ಸಿಕ್ಕಿಸಿಕೊಂಡು, ತೆಪ್ಪ ಹತ್ತಿ, ಹುಟ್ಟು ತೆಗೆದುಕೊಂಡರು.